ಅಳಿದವರ ಪುಟದ ಕೊಡೆಯವನು

“ಸರ್, ಕೊಡೆ ರಿಪೇರಿಯವನು ಬದುಕಿದಾನೆ. ಬಸ್ ನಿಲ್ದಾಣದ ಹಿಂದೆ ಕಣ್ಣಾರೆ ನೋಡ್ದೆ.”

ಪ್ರಾಧ್ಯಾಪಕರು ಕನ್ನಡಕ ತೆಗೆದು, ‘ಅಳಿದುಹೋದ ಕಸುಬುಗಳು’ ಎಂಬ ಮಹಾಪ್ರಬಂಧದ ಮೇಲಿಟ್ಟರು. ಸುದ್ದಿ ತಂದು ಎದುರು ನಿಂತಿದ್ದ ಸಂಶೋಧಕಿಯ ಆ ಪ್ರಬಂಧದ ಮುಕುಟಮಣಿಯೇ ಕೊಡೆ ರಿಪೇರಿಯ ಅಧ್ಯಾಯ. ಶುಕ್ರವಾರದೊಳಗೆ ಸಲ್ಲಿಸದಿದ್ದರೆ ಕೈಗೆ ಬಂದ ಅಧ್ಯಾಪಕಿಯ ಕೆಲಸ ಕೈತಪ್ಪುತ್ತಿತ್ತು.

“ಸಾಧ್ಯವೇ ಇಲ್ಲ ಕಣಮ್ಮ. ಸೂಚಿ ಏನನ್ನುತ್ತೆ ನೋಡು.”

ನೋಡಬೇಕಾದ್ದೇನೂ ಇರಲಿಲ್ಲ, ಅವಳಿಗದು ಬಾಯಿಪಾಠ. ಅಂತರ್ಜಾಲದ ತಾಣಗಳನ್ನು ವಿದ್ವಾಂಸರೇ ಜರಡಿ ಹಿಡಿದು, ವಿಷಯವಾರು ವಿಂಗಡಿಸಿಟ್ಟ ಸೂಚಿ ಅದು. ಸಿಕ್ಕಿದ್ದನ್ನೆಲ್ಲ ತಂದು ಸುರಿಯುವ ಸರ್ಚ್ ಎಂಜಿನ್ನನ್ನು ಮುಟ್ಟಕೂಡದೆಂದು ಗುರುಗಳ ಅಪ್ಪಣೆಯಾಗಿತ್ತು. ಕಸುಬುಗಳು, ಅದರೊಳಗೆ ಅಳಿದವು, ಅದರೊಳಗೆ ಕೊಡೆ ರಿಪೇರಿ: ಒಂದೊಂದೇ ಮೆಟ್ಟಿಲಿಳಿದರೆ ಕಡೆಗೆ ಗೋರಿಯಂಥ ಒಂದು ಪುಟ, ‘ಈ ಕಸುಬಿನವರು ಯಾರೂ ಉಳಿದಿಲ್ಲ’ ಎಂದು. ಅದನ್ನೇ ನಂಬಿ, ಕೂತ ಕುರ್ಚಿ ಬಿಟ್ಟೇಳದೆ ಅವಳು ಅಧ್ಯಾಯ ಮುಗಿಸಿದ್ದಳು.

“ಆ ಪುಟದ ಸಂಪಾದಕರಿಗೆ ಬರೆದು ತಿದ್ದಿಸೋಣ್ವಾ ಸರ್?”

“ಸಂಪಾದಕ ನಾನೇ,” ಎಂದರು ಅವರು, ಕಿಟಕಿಯತ್ತ ನೋಡುತ್ತ. “ಎಷ್ಟೋ ಜನ ಅದನ್ನ ಉಲ್ಲೇಖಿಸಿಯೇ ಡಾಕ್ಟರೇಟ್ ತಗೊಂಡಿದಾರೆ. ತಿದ್ದೋದು ಅಂದ್ರೆ ಆಟಾನಾ? ನಡಿ, ಆ ಮನುಷ್ಯನನ್ನೇ ನೋಡೋಣ.”

ಬಸ್ ನಿಲ್ದಾಣದ ಹಿಂದಿನ ಓಣಿಯ ಗೋಡೆಗೊರಗಿದ ಮುರುಕು ಕೊಡೆಗಳ ನಡುವೆ ಆತ, ಹಲ್ಲಿನಲ್ಲಿ ದಾರ ಕಚ್ಚಿಕೊಂಡು, ಕಡ್ಡಿಗೆ ಬಟ್ಟೆ ಹೊಲಿಯುತ್ತಿದ್ದ. ಕಣ್ಣಿಗೆ ಕಾಣುವ ಪ್ರತ್ಯಕ್ಷವು ಬಲ್ಲವರ ಆಪ್ತವಾಕ್ಯಕ್ಕೆ ಇಷ್ಟು ನಾಚಿಕೆಗೆಟ್ಟು ಎದುರು ನಿಂತುದನ್ನು ಪ್ರಾಧ್ಯಾಪಕರು ಜನ್ಮದಲ್ಲಿ ಕಂಡಿರಲಿಲ್ಲ.

“ಈ ಕೆಲಸಕ್ಕೆ ನೀವೊಬ್ರೇ ಉಳಿದಿರೋದಾ ಯಜಮಾನ್ರೇ?” ಅವರ ದನಿಯಲ್ಲಿ ಆಸೆಯಿತ್ತು.

“ಒಬ್ನೇ ಆಗಿದ್ರೆ ನನ್ನ ಪುಣ್ಯ ಸ್ವಾಮಿ! ಎದುರಿಗೇ ಷಡ್ಡಕ ಅಂಗಡಿ ಇಟ್ಟು ನನ್ನ ಗಿರಾಕಿಗಳನ್ನೆಲ್ಲ ಎಳ್ಕೊಳ್ತಿದಾನೆ.”

ಸಂಶೋಧಕಿಯ ಮುಖ ಬಿಳಿಚಿಕೊಂಡಿತು. ಪ್ರಾಧ್ಯಾಪಕರು ಕುಕ್ಕರುಗಾಲಲ್ಲಿ ಕೂತು, ದನಿ ತಗ್ಗಿಸಿ, ಎಲ್ಲವನ್ನೂ ಬಿಡಿಸಿ ಹೇಳಿದರು. ಕಡೆಗೆ ಬಲು ವಿನಯದಿಂದ ಕೇಳಿದರು: “ಇನ್ನೂ ಎಷ್ಟು ದಿನ ನಡೆಸ್ಬೇಕೂಂತ ಇದೀರಿ?”

ಕೊಡೆಯವನಿಗೆ ಅವರ ಮಾತು ಅರ್ಧಂಬರ್ಧ ತಿಳಿಯಿತು. ಹುಡುಗಿಯ ಮುಖ ಪೂರ್ತಿ ತಿಳಿಯಿತು.

“ಹೆದರಬೇಡ ಮಗಳೇ. ನಾನಿರೋದ್ರಿಂದ ನಿನ್ನ ಕೆಲಸ ಹೋಗುತ್ತೆ ಅಂದ್ರೆ ಗುರುವಾರ ಒಂದಿನ ಅಂಗಡಿ ಮುಚ್ತೀನಿ. ಷಡ್ಡಕನ ಕಾಲಿಗೆ ಬಿದ್ದಾದ್ರೂ ಅವನದ್ದೂ ಮುಚ್ಚಿಸ್ತೀನಿ.”

ಪ್ರಾಧ್ಯಾಪಕರು ನಿಟ್ಟುಸಿರುಬಿಟ್ಟು ಎದ್ದರು.

“ಕೇಳಿಸ್ಕೊಂಡ್ಯಾ? ನಿನ್ನ ಕ್ಷೇತ್ರಕಾರ್ಯ ಗುರುವಾರವೇ ಇಟ್ಕೋ ಕಣಮ್ಮ.”