ಕುಣಿಮಗ್ಗದ ಕಾಲು

ದುಂಡೇಶನು ಅಂಗೈಯಲ್ಲಿದ್ದ ಗುಳಿಗೆಗಳನ್ನು ವಿದ್ಯಾಳ ಕಣ್ಣೆದುರೇ ಗಟಾರಕ್ಕೆ ಎಸೆದನು. ಆನೆಕಾಲು ರೋಗ ತಡೆಯುವ ಗುಳಿಗೆಗಳವು. ಆಶಾ ಕಾರ್ಯಕರ್ತೆಯಾದ ವಿದ್ಯಾ ಅವನ್ನು ಮನೆಮನೆಗೆ ಒಯ್ದು, ಎದುರಿಗೆ ನಿಂತು ನುಂಗಿಸಬೇಕಿತ್ತು. ಇಳಕಲ್ಲಿನ ಆ ನೇಕಾರರ ಓಣಿಯಲ್ಲಿ ಇಬ್ಬರು ಮಕ್ಕಳ ರಕ್ತದಲ್ಲಿ ರೋಗದ ಹುಳ ಕಂಡಿದ್ದವು. ಯಾವ ಮನೆಯನ್ನೂ ಬಿಡುವಂತಿರಲಿಲ್ಲ.

"ಹೋದ ವರ್ಷ ನುಂಗಿದ್ದೆ. ಜ್ವರ ಬಂದು ಹಾಸಿಗಿ ಹಿಡದೆ, ಪಾವರಲೂಮ್ ಬಂದ್ ಬಿತ್ತು. ಮತ್ತ ನುಂಗು ಅಂತೀ, ನಾ ಏನು ಹುಚ್ಚ ಅದೇನಿ?" ಎಂದನು ದುಂಡೇಶ.

"ಜ್ವರ ಬಂದದ್ದು ಗುಳಿಗಿಯಿಂದಲ್ಲ, ಕಾಕಾ. ರಕ್ತದಾಗ ಹುಳ ಇದ್ರ, ಅವು ಸಾಯೂ ಮುಂದ ಜ್ವರ ಬರ್ತೈತಿ. ಚಲೋನ ಆತು ಅನ್ರಿ."

ಮಾತು ನಿಜ, ಆಡಿದ ಜಾಗ ತಪ್ಪು. ಓಣಿಯ ಕಣ್ಣುಗಳೆಲ್ಲ ಒಮ್ಮೆಲೇ ದುಂಡೇಶನ ಕಾಲಿನತ್ತ ಇಳಿದವು. ಅವನ ಮುಖ ಕೆಂಪೇರಿತು.

"ಅಂದ್ರ ನನಗ ಆನಿಕಾಲು ಐತಿ ಅಂತ ಓಣ್ಯಾಗ ನಿಂತು ಡಂಗುರಾ ಹೊಡಿತೀ? ನಾಳಿ ಅಮೀನಗಡದವರು ನನ್ನ ಮಗಳು ರಾಧಿಕಾನ್ನ ನೋಡಾಕ ಬರಾಕತ್ತಾರ, ಗೊತ್ತೈತೇನು?"

ಹಿಂದೆ ನಿಂತಿದ್ದ ಮುದುಕಿ ಸಕ್ರವ್ವ ಬಾಯಿಯವರೆಗೆ ಒಯ್ದಿದ್ದ ಗುಳಿಗೆಯನ್ನು ಇಳಿಸಿ ಸೆರಗಿನಲ್ಲಿ ಗಂಟು ಹಾಕಿದಳು. ಉಳಿದ ಹೆಂಗಸರ ಮುಷ್ಟಿಗಳೂ ಮುಚ್ಚಿಕೊಂಡವು. ಅಲ್ಲಿಯವರೆಗೆ ಜ್ವರಕ್ಕೆ ಅಂಜಿದ್ದವರು ಈಗ ಹೆಸರಿಗೆ ಅಂಜಿದರು. ನಾಳೆ ಯಾರ ಮೈ ಬಿಸಿಯಾದರೂ ಆ ಮನೆಗೆ ರೋಗದ ಹೆಸರು ಬಿತ್ತೆಂದೇ ಅರ್ಥ.

ಎದುರಿನ ಪಡಸಾಲೆಯ ಮಗ್ಗದಲ್ಲಿ ಕಲ್ಲಪ್ಪನ ಲಾಳಿ ನಿಂತಿತು. ವಿದ್ಯಾ ಅವನ ಸೊಸೆ. ನೆಲದ ಮಟ್ಟದಲ್ಲಿ ಕುಳಿತು ಕಾಲನ್ನು ಮಗ್ಗದ ಕೆಳಗೆ ತೋಡಿದ ಕುಣಿಯೊಳಗೆ ಇಳಿಬಿಟ್ಟು ನೇಯುವವನ ಕಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಬೀಗರು ಬರಲಿ, ನೂಲಿನ ಸಾಹುಕಾರನೇ ಬರಲಿ, ಕಲ್ಲಪ್ಪ ಕುಳಿತಲ್ಲಿಂದಲೇ ಮಾತನಾಡಿಸಿ ಕಳಿಸುತ್ತಿದ್ದನು. ಯಾರ ಮದುವೆಗೂ ಹೋಗಲಿಲ್ಲ, ಸತ್ತವರ ಮಣ್ಣಿಗೂ ಹೋಗಲಿಲ್ಲ. ಓಣಿ ಅವನನ್ನು ಸೊಕ್ಕಿನವನೆಂದು ಕರೆಯಿತು. ಕರೆಯಲೆಂದು ಬಿಟ್ಟನು; ಇನ್ನೊಂದು ಹೆಸರಿಗಿಂತ ಅದು ಹಗುರವಾಗಿತ್ತು. ಬಾತುಹೋದ ಆ ಎಡಗಾಲನ್ನು ದಿನಾಲು ತೊಳೆದು, ಒರೆಸಿ, ಮುಲಾಮು ಹಚ್ಚಿಕೊಳ್ಳಲು ಕಲಿಸಿದವಳು ವಿದ್ಯಾ. ಹೊರಗೆ ಅವಳು ಅದರ ಸುದ್ದಿ ಎತ್ತಿದವಳಲ್ಲ. ಈಗ ಎತ್ತಿದ್ದರೆ ಓಣಿಯ ಬಾಯಿ ಮುಚ್ಚಿಸಬಹುದಿತ್ತು, ಈಗಲೂ ಎತ್ತಲಿಲ್ಲ.

ನಗರಸಭೆಯವರು ಚೌಕದ ಗೋಡೆಗೆ ಆನೆಕಾಲಿನ ದೊಡ್ಡ ಚಿತ್ರ ಹಚ್ಚಿದ್ದರು, ಗಾಡಿಗೆ ಮೈಕು ಕಟ್ಟಿ ಕೂಗಿಸಿದ್ದರು. ಚಿತ್ರದಲ್ಲಿದ್ದ ಕಾಲು ಯಾವ ಊರಿನವನದೋ; ಜನ ಅದಕ್ಕೆ ಒರಗಿ ನಿಂತು ಚಹಾ ಕುಡಿಯುತ್ತಿದ್ದರು. ಕಲ್ಲಪ್ಪನಿಗೆ ಲೆಕ್ಕ ಸರಳವಾಗಿ ಕಂಡಿತು. ಗುರುತಿಲ್ಲದ ಕಾಲನ್ನು ಯಾರೂ ನಂಬುವುದಿಲ್ಲ. ಗುರುತಿನವನ ಅಂಥ ಕಾಲು ಆ ಓಣಿಯಲ್ಲಿ ಒಂದೇ ಇತ್ತು.

ಅವನು ಎರಡೂ ಕೈಗಳನ್ನು ನೆಲಕ್ಕೂರಿ ಕುಣಿಯಿಂದ ಮೇಲೆದ್ದನು. ಹೊಸ್ತಿಲು ದಾಟಿ ಬಿಸಿಲಿಗೆ ಬಂದನು. ಧೋತರವನ್ನು ಮೊಳಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಎಡಗಾಲನ್ನು ಕಟ್ಟೆಯ ಮೇಲಿಟ್ಟನು. ಮೀನಖಂಡ ಎಲ್ಲಿ ಮುಗಿಯಿತು, ಪಾದ ಎಲ್ಲಿ ಮೊದಲಾಯಿತು ಎಂದು ಹೇಳುವ ಗೆರೆಯೇ ಅದರಲ್ಲಿ ಉಳಿದಿರಲಿಲ್ಲ.

"ಧೋತರ ಇಳಿಸೋ ಕಲ್ಲಪ್ಪಾ, ಮಂದಿ ನೋಡಾಕತ್ತಾರ," ಎಂದಳು ಸಕ್ರವ್ವ.

"ನೋಡ್ಲಿ ಅಂತನ ಎತ್ತೇನಿ, ಯವ್ವಾ."

ದುಂಡೇಶನ ದನಿ ತಗ್ಗಿತು. "ಕಲ್ಲಪ್ಪಣ್ಣಾ, ಇದು ಯಾವಾಗಿಂದ?"

"ನೀ ನನ್ನ ಸೊಕ್ಕಿನ ಮಗಾ ಅನ್ನಾಕ ಶುರು ಮಾಡಿದೆಲ್ಲ, ಅದಕ್ಕಿಂತ ಮೊದಲಿಂದ. ಈ ಕಾಲು ಇನ್ನ ಮೊದಲಿನಂಗ ಆಗಂಗಿಲ್ಲಲೇ, ಇದರದು ಮುಗೀತು. ಓಣ್ಯಾಗ ಉಳಿದವೆಲ್ಲಾ ಇನ್ನೂ ನೆಟ್ಟಗ ಅದಾವ. ರಾಧಿಕಾನ್ವೂ ಅದಾವ."

ಅವನು ಸೊಸೆಯ ಮುಂದೆ ಕೈ ಚಾಚಿದನು. ಗುಳಿಗೆಗಳನ್ನು ಬಾಯಿಗೆ ಹಾಕಿ, ತಂಬಿಗೆಯ ನೀರು ಕುಡಿದು, ಎಲ್ಲರಿಗೂ ಕಾಣುವಂತೆ ಬಾಯಿ ತೆರೆದು ತೋರಿಸಿದನು.

"ನಾಳಿ ಯಾರಿಗೆ ಜ್ವರ ಬಂದ್ರೂ ಕದಾ ಹಾಕ್ಕೊಂಡು ಮಲಗಬ್ಯಾಡ್ರಿ. ಈ ಕಟ್ಟಿಗೆ ಬಂದು ನನ್ನ ಬಾಜೂಕ ಕೂಡ್ರಿ. ಹೆಸರಿಡೂ ಮಂದಿ ಮೊದಲ ನನಗ ಇಡಲಿ."

ಸಕ್ರವ್ವ ಸೆರಗಿನ ಗಂಟು ಬಿಚ್ಚಿದಳು. ಮುಷ್ಟಿಗಳು ಒಂದೊಂದಾಗಿ ಸಡಿಲಗೊಂಡವು. ದುಂಡೇಶ ಎಲ್ಲರಿಗಿಂತ ಹಿಂದೆ ಉಳಿದನು. ಆ ಕಾಲನ್ನೇ ನೋಡುತ್ತ ನಿಂತವನು ಕೊನೆಗೆ ವಿದ್ಯಾಳ ಮುಂದೆ ಅಂಗೈ ಒಡ್ಡಿದನು. "ತಾರವ್ವಾ. ನೀರು ಒಂದೀಟು ಹೆಚ್ಚಿಗಿ ಕೊಡು."

ಮರುದಿನ ಮುಂಜಾನೆ ಅಮೀನಗಡದವರ ಕಾರು ಓಣಿಯ ಬಾಯಲ್ಲಿ ನಿಂತಾಗ, ಕಲ್ಲಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದನು. ಅವನ ಪಕ್ಕದಲ್ಲಿ ಇನ್ನೊಬ್ಬನು ಚಾದರ ಹೊದ್ದು ನಡುಗುತ್ತಿದ್ದನು. ಮನೆಯಿಂದ ಹೆಂಡತಿ ಎರಡು ಸಲ ಕರೆಕಳಿಸಿದರೂ ಅವನು ಎದ್ದಿರಲಿಲ್ಲ. ಬೀಗರ ಹಿರಿಯನು ಕಟ್ಟೆಯ ಹತ್ತಿರ ಬಂದನು, ಕಾಲನ್ನು ಕಂಡು ಕಣ್ಣು ಹೊರಳಿಸಿದನು. "ದುಂಡೇಶ ಅವರ ಮನಿ ಯಾವುದ್ರಿ?"

"ದುಂಡೇಶ ನಾನ ರೀ," ಎಂದು ಚಾದರದೊಳಗಿನವನು ತಲೆ ಹೊರಹಾಕಿದನು. "ಆನಿಕಾಲಿನ ಗುಳಿಗಿ ನುಂಗೇನಿ, ಮೈಯಾಗಿನ ಹುಳ ಸಾಯಾಕತ್ತಾವ, ಅದಕ್ಕ ಜ್ವರ. ಮನಿ ಆಮ್ಯಾಲೆ ತೋರಸ್ತೇನಿ. ನಿಮ್ಮೂರಾಗೂ ಹಂಚ್ಯಾರಂತ. ನಿಮ್ಮ ಹುಡುಗ ನುಂಗ್ಯಾನೋ ಇಲ್ಲೋ, ಮೊದಲ ಅದನ್ನ ಹೇಳ್ರಿ."