ಮೂವತ್ತೊಂದನೇ ದಿನದ ಅರ್ಜಿ

"ನಿಮ್ಮ ಮೇಲ್ಮನವಿ ವಜಾ ಆಗಿದೆ," ಎನ್ನುತ್ತ ಅಧಿಕಾರಿ ರೇಣುಕಪ್ರಸಾದ್ ಆದೇಶಕ್ಕೆ ಸಹಿ ಹಾಕಿದರು. ಆ ಬೆಳಿಗ್ಗೆ ಅವರು ತಳ್ಳಿಹಾಕಿದ ನಾಲ್ಕನೇ ಟೆಂಡರ್ ತಕರಾರು ಅದು. "ಮೂವತ್ತು ದಿನದೊಳಗೆ ಕೊಡಬೇಕಿತ್ತು, ಮೂವತ್ತೊಂದನೇ ದಿನ ಕೊಟ್ಟಿದ್ದೀರಿ. ತಡವಾದ ಮೇಲೆ ಒಳಗೇನಿದೆ ಅಂತ ನಾನು ನೋಡೋ ಹಾಗೂ ಇಲ್ಲ."

ಗೋಣಿಬೀಡಿನ ಗುತ್ತಿಗೆದಾರೆ ರುದ್ರಾಣಿ ಕುರ್ಚಿಯಿಂದ ಏಳಲಿಲ್ಲ. ಹಳ್ಳದ ಕಾಲುಸೇತುವೆಯನ್ನು ಟೆಂಡರ್ ಹೇಳಿದ್ದಕ್ಕಿಂತ ಎರಡಡಿ ಎತ್ತರಕ್ಕೆ ತೋರಿಸಿದ್ದಕ್ಕೆ ಆಕೆಯ ಬಿಡ್ ತಿರಸ್ಕೃತವಾಗಿತ್ತು. "ತಡ ಆಗಿದ್ದು ಹೌದು ಸಾರ್. ಹಳ್ಳ ತುಂಬೋದನ್ನೇ ಕಾಯ್ತಾ ಇದ್ದೆ. ನೀರೇ ಬರದೆ, ಎಲ್ಲೀವರೆಗೆ ಏರುತ್ತೆ ಅಂತ ಅಳೆಯೋದು ಹೇಗೆ? ಕೊನೇ ಹಾಳೇಲಿ ಫೋಟೊ ಇದೆ."

"ಏನಿದ್ರೂ ಇನ್ನು ಕೆಲಸ ನಿಮಗೆ ಸಿಗಲ್ಲಮ್ಮ," ಎಂದರು ಅವರು, ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತ.

"ಬೇಡ ಸಾರ್, ಟೆಂಡರ್ ಸಿಕ್ಕಿದವರೇ ಕಟ್ಲಿ. ಎರಡಡಿ ಮೇಲೆ ಕಟ್ಟೋಕೆ ಹೇಳಿ, ಅಷ್ಟೇ. ನಮ್ಮೂರ ಹೆಂಗಸರು ತೋಟದ ಕೆಲಸಕ್ಕೆ ದಿನಾ ಅದರ ಮೇಲೇ ದಾಟಬೇಕು."

ರೇಣುಕಪ್ರಸಾದ್ ಅವರ ಮುಂದೆ ಅದುವರೆಗೆ ಬಂದು ಕೂತವರೆಲ್ಲ ಕೆಲಸ ತಮಗೇ ಬೇಕೆಂದವರು. ವಜಾ ಆದೇಶವನ್ನು ಆಕೆಯ ಕಡೆ ಸರಿಸಿ, ಕನ್ನಡಕ ಹಾಕಿಕೊಂಡು ಅರ್ಜಿಯ ಕೊನೆಯ ಹಾಳೆ ತೆರೆದರು. ಅಳತೆಗೋಲಿನ ಮೇಲೆ ಕೆಂಪು ನೀರು ಟೆಂಡರಿನ ಎತ್ತರಕ್ಕಿಂತ ಒಂದಡಿ ಮೇಲೆ ನಿಂತಿತ್ತು.

"ನಾಳೆ ಬೆಳಿಗ್ಗೆ ನೀರು ಇಷ್ಟೇ ಇರುತ್ತಾ?" ಎಂದು ಕೇಳಿದರು. "ಇಂಜಿನಿಯರನ್ನ ಕರ್ಕೊಂಡು ನಾನೂ ಬರ್ತೀನಿ."