ಯಾರೂ ಕಾಲಿಡದ ಜಾಗ

"ಯಾರೂ ಕಾಲಿಡದ ಕಾಡಿಗೆ ಬಂದಿದ್ದೀನಿ" ಎಂದು ಕ್ಯಾಮೆರಾಕ್ಕೆ ಹೇಳಿ ಶಾಲ್ಮಲಿ ಟೆಂಟಿನ ಗೂಟ ಹೊಡೆದಳು. ಮರಗಳ ಸಂದಿಯಿಂದ ಬಂದ ಮುದುಕಿಯೊಬ್ಬಳು ಅದನ್ನು ಕಿತ್ತೆಸೆದಳು.

"ಇಲ್ಲಿ ಹೊಡೀಬ್ಯಾಡ. ಎದ್ದೋಗು."

"ಮೂರು ದಿನ ನಡೆದು ಬಂದಿದ್ದೀನಿ. ಪರ್ಮಿಟ್ ಇದೆ. ನಿನ್ನ ಹತ್ರ ಏನಿದೆ?"

"ಇದು ನನ್ನ ಒಲೆ ಇದ್ದ ಜಾಗ. ನಮ್ಮನ್ನ ಎಬ್ಬಿಸಿ ಓಡಿಸಿದ್ರು."

"ಸುಳ್ಳು! ಇಲ್ಲಿರೋದು ಬರೀ ಕಾಡು."

ಮುದುಕಿ ಕೋಲೆತ್ತಿದಳು. ಶಾಲ್ಮಲಿ ಸೀಟಿ ಊದಿದಳು. ಅವಳ ಜೊತೆ ಬಂದಿದ್ದ ಅರಣ್ಯ ಕಾವಲುಗಾರ ಹಳ್ಳದ ಕಡೆಯಿಂದ ಓಡಿಬಂದ.

"ಇವಳನ್ನ ಮೊದಲು ಹೊರಗೆ ಹಾಕಿ. ಕೇಸು ಬರೀರಿ!"

"ಆಯ್ತು ಮೇಡಂ."

ಅವನು ಮುದುಕಿಯ ರಟ್ಟೆ ಹಿಡಿದ. ಅವಳು ಅವನ ಮುಖಕ್ಕೆ ಉಗಿದಳು. ಅವನು ಒರೆಸಿಕೊಳ್ಳಲಿಲ್ಲ.

"ನಡಿಯವ್ವಾ," ಎಂದ. "ನೀ ನನ್ನ ಹೆತ್ತ ಮನೆ ಈಗ ಇಲ್ಲಿಲ್ಲ."